"ಗ್ಲೀನ್" ಅನ್ನೋ ಇಂಗ್ಲಿಷ್ ಕ್ರಿಯಾಪದ: ಹಕ್ಕಲ ಆರಿಸೋದು ಗೊತ್ತಿದ್ದವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಬ್ಯಾಂಕ್ ಪರೀಕ್ಷೆ ಇರ್ಲಿ, ಎಸ್‌ಎಸ್‌ಸಿ ಇರ್ಲಿ, ಐಇಎಲ್‌ಟಿಎಸ್ ಇರ್ಲಿ, ಇಂಗ್ಲಿಷ್ ಪೇಪರ್‌ನಾಗ ಒಂದು ಉದ್ದನ್ನ ಪ್ಯಾಸೇಜ್ ಕೊಟ್ಟು ಕೆಳಗ "ವಾಟ್ ಕ್ಯಾನ್ ಬಿ ಗ್ಲೀನ್ಡ್ ಫ್ರಮ್ ದಿ ಪ್ಯಾಸೇಜ್?" ಅಂತ ಕೇಳಿದ್ರ ನಮ್ಮ ಬಾಗಲಕೋಟಿ ಕಡೆ ಹುಡುಗ್ರು ಭಾಳ ಮಂದಿ ಅಲ್ಲೇ ಗಕ್ಕನ ನಿಂತಬಿಡ್ತಾರ. ಪ್ಯಾಸೇಜ್ ತಿಳದಿರ್ತೈತಿ, ಉತ್ತರಾನೂ ಕಣ್ಣ ಮುಂದ ಇರ್ತೈತಿ, ಆದ್ರ ಪ್ರಶ್ನೆ ಏನು ಕೇಳಾಕತ್ತೈತಿ ಅನ್ನೋದ ಗೊತ್ತಾಗಿರಾಂಗಿಲ್ಲ. ಡಿಕ್ಷನರಿ ತಗದ್ರ "ಸಂಗ್ರಹಿಸು, ಕೂಡಿಹಾಕು" ಅಂತ ಇರ್ತೈತಿ, ಅದನ್ನ ನಂಬಕೊಂಡು ಮರುದಿನ "ವಿ ಗ್ಲೀನ್ಡ್ ಫೈವ್ ಥೌಸಂಡ್ ರುಪೀಸ್ ಫಾರ್ ದಿ ಜಾತ್ರೆ" ಅಂತ ಬರದು ಕುಂತಬಿಡ್ತಾರ. ಜಾತ್ರಿಗೆ ಪಟ್ಟಿ ಎತ್ತೋದಕ್ಕ ಗ್ಲೀನ್ ಅನ್ನಾಂಗಿಲ್ಲ ರೀ, ಅದಕ್ಕ ಕಲೆಕ್ಟ್ ಅಂತಾರ.

ತಮಾಷೆ ಅಂದ್ರ ಬೆಂಗಳೂರಿನ ಕೋಚಿಂಗ್ ಹುಡುಗ್ರಿಗಿಂತ ಈ ಪದ ನಮಗ ಸಲೀಸಾಗಿ ತಿಳೀಬೇಕು, ಯಾಕಂದ್ರ ಇದು ಹೊಲದಾಗ ಹುಟ್ಟಿದ ಪದ, ಮತ್ತ ಇದಕ್ಕ ಪಕ್ಕಾ ಜೋಡಿ ನಮ್ಮ ಮನ್ಯಾಗ ದಿನಾ ಆಡೋ ಮಾತಿನ್ಯಾಗ ಐತಿ. ಹಕ್ಕಲ. ಹಕ್ಕಲ ಆರಿಸೋದು, ಅಂದ್ರ ಕೊಯ್ಲಾದ ಮ್ಯಾಲೆ ಹೊಲದಾಗ ಬಿದ್ದು ಉಳದ ತೆನಿ, ಕಾಳು ಹೆಕ್ಕೋದು. ಈ ಒಂದು ಜೋಡಿ ಗಟ್ಟಿ ಹಿಡದ್ರ ಉಳಿದಿದ್ದು ತಾನ ಬರ್ತೈತಿ. ಹೆಜ್ಜಿ ಹೆಜ್ಜಿ ಹೋಗೋಣು.

ಹೆಜ್ಜೆ 1: ಮದಲ ಬಾಯಿಗೆ ಬರಬೇಕು

ಸ್ಪೆಲ್ಲಿಂಗ್: ಜಿ, ಎಲ್, ಇ, ಎ, ಎನ್. ಉಚ್ಚಾರ "ಗ್ಲೀನ್", ಕ್ಲೀನ್ ಅಂತೀವಲ್ಲ ಅದರಾಂಗ ದೀರ್ಘ. "ಗ್ಲೆನ್" ಅಲ್ಲ, "ಗ್ಲಿಯಾನ್" ಅಂತೂ ಅಲ್ಲವ ಅಲ್ಲ. ಭೂತಕಾಲ "ಗ್ಲೀನ್ಡ್", ಒಂದ ಉಸಿರಿನ್ಯಾಗ, ಕೊನಿಗೆ "ಎಡ್" ಅಂತ ಎಳೀಬ್ಯಾಡ್ರಿ. ಇದು ಸಾದಾ ರೆಗ್ಯುಲರ್ ಕ್ರಿಯಾಪದ: ಗ್ಲೀನ್, ಗ್ಲೀನ್ಸ್, ಗ್ಲೀನ್ಡ್, ಗ್ಲೀನಿಂಗ್, ಇಷ್ಟ. ಕೊನೀ ಎನ್ ಬದಲಿ ಎಮ್ ಹಾಕಿದ್ರ "ಗ್ಲೀಮ್" ಆಗ್ತೈತಿ, ಅದಕ್ಕ ಹೊಳಿಯೋದು, ಮಿಣಮಿಣ ಅನ್ನೋದು ಅಂತ ಅರ್ಥ, ಪೂರ್ತಿ ಬ್ಯಾರೆ ಪದ. ಅವಸರದಾಗ ಓದುವಾಗ ಇವೆರಡೂ ಅದಲು ಬದಲಾಗಿ ಇಡೀ ವಾಕ್ಯದ ಅರ್ಥ ಕೆಡ್ತೈತಿ, ಅದಕ್ಕ ಕೊನೀ ಅಕ್ಷರದ ಮ್ಯಾಲೆ ಒಮ್ಮೆ ಕಣ್ಣಾಡಸ್ರಿ.

ಹೆಜ್ಜೆ 2: ಹೊಲಕ್ಕ ಹೋಗಿ ಬರ್ರಿ

ಈ ಹೆಜ್ಜಿಗೆ ಸ್ವಲ್ಪ ಹೊತ್ತು ಕೊಡ್ರಿ, ಇದ ಎಲ್ಲಾದಕ್ಕಿಂತ ಮುಖ್ಯ.

ಹುನಗುಂದ ಕಡೆ ಎರಿ ಹೊಲದಾಗ ಹಿಂಗಾರಿ ಬಿಳಿಜ್ವಾಳ ಬರೂ ಹೊತ್ತು, ಶಿವರಾತ್ರಿ ಆಚೆ ಈಚೆ ಅನ್ನೋಣು. ಜ್ವಾಳ ಕೊಯ್ದು ಸಿವುಡು ಕಟ್ಟಿ ತೆನಿ ಮುರದು ರಾಶಿಗೆ ಸಾಗಿಸಿ ಆಗಿರ್ತೈತಿ, ಕಣಿಕಿ ಬಣವಿ ಒಟ್ಟಿರ್ತೈತಿ, ಹೊಲದ ಮಾಲಕ ತನ್ನ ಕೆಲಸ ಮುಗೀತು ಅಂತ ಮನಿಗೆ ಹೋಗಿರ್ತಾನ. ಆಗ ನೋಡ್ರಿ ಒಬ್ಬಾಕಿ ಮುದುಕಿ ಬರ್ತಾಳ, ಜೊತಿಗೆ ಒಂದು ಸಣ್ಣ ಹುಡುಗಿ, ಇಬ್ಬರೂ ನಡ ಬಗ್ಗಿಸಿ ಸಾಲು ಸಾಲು ಹಿಡದು ಹೋಗ್ತಾರ. ಕೊಯ್ಲಿನ್ಯಾಗ ಕೈಯಿಂದ ಜಾರಿ ಬಿದ್ದ ಒಂದು ಸಣ್ಣ ತೆನಿ, ಬಿರಕಿನ್ಯಾಗ ಸಿಕ್ಕೊಂಡ ಅರ್ಧ ತೆನಿ, ಸಿವುಡು ಎಳಿಯುವಾಗ ಮುರದ ತುದಿ, ಒಂದೊಂದ ಎತ್ತಿ ಮಣ್ಣು ಝಾಡಿಸಿ ಉಡಿಯೊಳಗ ಹಾಕ್ಕೋತಾರ. ಸಂಜಿಗೆ ಉಡಿ ತುಂಬಿರ್ತೈತಿ, ಚೀಲ ತುಂಬಿರಾಂಗಿಲ್ಲ. ಶೇಂಗಾ ಹೊಲದಾಗಾದ್ರ ಇನ್ನೂ ತ್ರಾಸು, ಬಳ್ಳಿ ಕಿತ್ತ ಮ್ಯಾಲೆ ನೆಲದಾಗ ಉಳದ ಕಾಯಿ ಮ್ಯಾಲೆ ಕಾಣಾಂಗಿಲ್ಲ, ಕುರ್ಚಿಗಿ ಹಿಡಕೊಂಡು ಕೆದರಿ ಕೆದರಿ ಹುಡುಕಬೇಕು.

ಈಗ ಇದನ್ನ ನೋಡಿದವರು ಹೇಳ್ರಿ, ಇಲ್ಲಿ ಏನೇನು ಐತಿ? ದೊಡ್ಡ ಫಸಲು ಬ್ಯಾರೇದವರು ತಗೊಂಡು ಹೋಗಿ ಆಗೈತಿ. ಉಳಿದಿದ್ದು ಚೂರು ಪಾರು, ಒಂದ ಕಡೆ ಗುಡ್ಡಿ ಹಾಕಿ ಇಟ್ಟಿಲ್ಲ, ಚೆಲ್ಲಾಪಿಲ್ಲಿ ಬಿದ್ದೈತಿ. ಅದನ್ನ ಯಾರೂ ಕೈಯಾಗ ತಂದು ಕೊಡಾಂಗಿಲ್ಲ, ತಾನ ಬಗ್ಗಿ ಹುಡುಕಬೇಕು. ಮತ್ತ ಅದು ಬರೋದು ಒಂದು ಹೊಲದಿಂದ, ಎಲ್ಲಿಂದೋ ಅಲ್ಲ. ಈ ಎಲ್ಲಾನೂ ಗ್ಲೀನ್ ಅನ್ನೋ ಕ್ರಿಯಾಪದದೊಳಗ ಹಂಗ ಕುಂತಾವು. ಜ್ವಾಳದ ತೆನಿ ತಗದು ಅಲ್ಲಿ ಮಾಹಿತಿ ಇಟ್ರ ಇವತ್ತಿನ ಇಂಗ್ಲಿಷ್ ಪೇಪರ್‌ನ್ಯಾಗ ಬರೋ ಅರ್ಥ ಸಿಗ್ತೈತಿ: ಒಂದು ಕಡಿಂದ ಚೂರು ಚೂರು ಮಾಹಿತಿ, ಹುಡುಕಿ, ತಾಳ್ಮಿಲೆ ಆರಿಸಿ ತಗೋಳೋದು.

ಹೆಜ್ಜೆ 3: ಅದರ ಊರು ಕೇರಿ

ಇಂಗ್ಲಿಷಿಗೆ ಈ ಪದ ಹಳೇ ಫ್ರೆಂಚಿನಿಂದ ಬಂದಿದ್ದು, ಅದಕ್ಕೂ ಹಿಂದ ಲ್ಯಾಟಿನ್ನಿನ ಕೊನೀ ಕಾಲದ ಒಂದು ರೂಪ, ಅದರ ಬೇರು ಸೆಲ್ಟಿಕ್ ಭಾಷೆಗಳೊಳಗ ಇರಬೇಕು ಅಂತ ಪಂಡಿತರು ಹೇಳ್ತಾರ. ಮದಲನೇ ಅರ್ಥ ಅಪ್ಪಟ ಹೊಲದ ಅರ್ಥನ.

ಯುರೋಪಿನ್ಯಾಗ ಹಕ್ಕಲ ಆರಿಸೋದು ಬಡವರ ಹಕ್ಕು ಅಂತ ಭಾಳ ಕಾಲ ನಡಕೊಂಡು ಬಂದಿತ್ತು. ಬೈಬಲ್ಲಿನ್ಯಾಗ ಹೊಲದ ಮೂಲಿ ಪೂರ್ತಿ ಕೊಯ್ಯಬ್ಯಾಡ್ರಿ, ಬಿದ್ದ ತೆನಿ ಬಡವರಿಗೂ ಪರದೇಶಿಗಳಿಗೂ ಬಿಡ್ರಿ ಅಂತ ಕಟ್ಟಳೆ ಐತಿ, ರೂತ್ ಅನ್ನೋ ವಿಧವೆ ಬೋವಜನ ಹೊಲದಾಗ ಹಕ್ಕಲ ಆರಿಸಿದ ಕಥಿನೂ ಐತಿ. ಇಂಗ್ಲೆಂಡಿನ್ಯಾಗ ಮಾತ್ರ 1788ರಾಗ ಸ್ಟೀಲ್ ವಿರುದ್ಧ ಹೌಟನ್ ಅನ್ನೋ ಕೇಸಿನ್ಯಾಗ ಕೋರ್ಟು, ಬ್ಯಾರೇದವರ ಹೊಲದಾಗ ಹಕ್ಕಲ ಆರಿಸೋದು ಕಾಮನ್ ಲಾ (ರೂಢಿ, ಹಳೇ ತೀರ್ಪುಗಳಿಂದ ಬೆಳದ ಕಾನೂನು) ಪ್ರಕಾರ ಹಕ್ಕಲ್ಲ ಅಂತ ತೀರ್ಪು ಕೊಟ್ಟುಬಿಡ್ತು. ಅಂದ್ರೂ ಎಷ್ಟೋ ಹಳ್ಳಿಯೊಳಗ ರೂಢಿ ಮುಂದುವರೀತು. ಫ್ರಾನ್ಸಿನ ಮಿಲೆ ಅನ್ನೋ ಚಿತ್ರಕಾರ 1857ರಾಗ ಹಕ್ಕಲ ಆರಿಸೋ ಮೂರು ಹೆಣಮಕ್ಕಳ ಚಿತ್ರ ಬರದಾನ, ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಮ್‌ನ್ಯಾಗ ಐತಿ, ಮೊಬೈಲ್‌ನ್ಯಾಗ ಹುಡುಕಿ ಒಮ್ಮೆ ನೋಡ್ರಿ. ಇಬ್ಬರು ನಡ ಪೂರ್ತಿ ಬಗ್ಗಿಸ್ಯಾರ, ಒಬ್ಬಾಕಿ ಅರ್ಧ ಬಗ್ಗ್ಯಾಳ, ಹಿಂದ ದೂರದಾಗ ಶ್ರೀಮಂತನ ಬಣವಿಗಳು ಬಿಸಲಾಗ ಹೊಳಿಯಾಕತ್ತಾವು. ತಲಿಗೆ ಕಟ್ಟಿದ ಬಟ್ಟಿ ಒಂದು ಬಿಟ್ರ ನಮ್ಮ ಕಡೀ ಹೆಣಮಕ್ಕಳ ಅನಿಸ್ತಾರ. ನೂರು ವಾಕ್ಯ ಬಾಯಿಪಾಠ ಮಾಡೋಕಿಂತ ಆ ಚಿತ್ರ ಒಂದು ಸಲ ನೋಡೋದು ಚಲೋ ಅಂತ ನನ್ನ ಅಭಿಪ್ರಾಯ.

ಹೆಜ್ಜೆ 4: ವಾಕ್ಯದ ಚೌಕಟ್ಟು

ಚೌಕಟ್ಟು ಒಂದ ಐತಿ, ಅದನ್ನ ಗೋಡಿ ಮ್ಯಾಲೆ ಬರದು ಹಚ್ಚರಿ: ಗ್ಲೀನ್ + ಏನು + ಫ್ರಮ್ + ಎಲ್ಲಿಂದ.

"ಶಿ ಗ್ಲೀನ್ಡ್ ಎ ಫ್ಯೂ ಡಿಟೇಲ್ಸ್ ಫ್ರಮ್ ದಿ ಓಲ್ಡ್ ಲೆಟರ್ಸ್." ಹಳೇ ಪತ್ರದೊಳಗಿಂದ ಆಕಿ ಒಂದಿಷ್ಟು ವಿವರ ಆರಿಸಿ ತಗದ್ಲು.

"ಏನು" ಅನ್ನೋ ಜಾಗಾದಾಗ ಏನು ಬೇಕಾದ್ದು ಕೂಡಾಂಗಿಲ್ಲ. ಇನ್ಫರ್ಮೇಶನ್, ಡಿಟೇಲ್ಸ್, ಫ್ಯಾಕ್ಟ್ಸ್, ಕ್ಲೂಸ್, ಇನ್‌ಸೈಟ್ಸ್, ನಾಲೆಜ್, ನ್ಯೂಸ್, ಇವು ಕೂಡ್ತಾವು. ಅಂದ್ರ ತಲಿಯೊಳಗ ಹಿಡಿಸೋ ವಸ್ತು. ರೊಕ್ಕ, ಮಂದಿ, ಸಾಮಾನು ಕೂಡಾಂಗಿಲ್ಲ. ಹೊಲದ ಕಾಳು ಮಾತ್ರ ಇದಕ್ಕ ಹೊರತು, ಯಾಕಂದ್ರ ಅದು ಇದರ ಮೂಲ ಮನಿ.

"ಎಲ್ಲಿಂದ" ಅನ್ನೋ ಜಾಗಾ ಸಡಿಲ ಐತಿ. ಪುಸ್ತಕ, ರೆಕಾರ್ಡ್, ಶಾಸನ, ಮಾತುಕತಿ, ಸಿಸಿಟಿವಿ, ಮನಷ್ಯಾ, ಏನರೆ ಬರಬಹುದು. ಆದ್ರ ನಡುವ "ಫ್ರಮ್" ಇರಬೇಕು. "ಗ್ಲೀನ್ ಬೈ", "ಗ್ಲೀನ್ ಔಟ್ ಇನ್" ಅಂತ ಬರದ್ರ ಪೇಪರ್ ತಿದ್ದೋರು ಅಲ್ಲೇ ಕೆಂಪು ಗೆರಿ ಎಳೀತಾರ. ವಿಷಯ ಯಾವುದರ ಬಗ್ಗೆ ಅಂತ ಹೇಳಬೇಕಂದ್ರ "ಅಬೌಟ್" ಸೇರಸಬಹುದು: "ಐ ಗ್ಲೀನ್ಡ್ ಸಮಥಿಂಗ್ ಅಬೌಟ್ ಹಿಸ್ ಚೈಲ್ಡ್‌ಹುಡ್ ಫ್ರಮ್ ಹಿಸ್ ನೇಬರ್ಸ್." ಓಣಿ ಮಂದಿ ಮಾತಿನ್ಯಾಗಿಂದ ಅವನ ಬಾಲ್ಯದ ಬಗ್ಗೆ ಏನೋ ಒಂದಿಷ್ಟು ಗೊತ್ತಾತು. ಎಲ್ಲಿಂದ ಅನ್ನೋದು ಹಿಂದಿನ ವಾಕ್ಯದಾಗ ಬಂದು ಹೋಗಿದ್ರ ಫ್ರಮ್ ಬಿಟ್ರೂ ನಡೀತೈತಿ, ಹೊಸಬರು ಮಾತ್ರ ಬಿಡಬ್ಯಾಡ್ರಿ.

ಇನ್ನ ಇಂಗ್ಲಿಷ್ ಬರಿಯೋರು ಹೆಚ್ಚಾಗಿ ಉಪಯೋಗ ಮಾಡೋ ಮೂರ್ನಾಲ್ಕು ಸಿದ್ಧ ರೂಪ ಅದಾವು, ಇವನ್ನ ಹಂಗ ಎತ್ತಿಟ್ಕೊಳ್ಳಿ.

ಒಂದು, ಪ್ಯಾಸಿವ್: "ಲಿಟಲ್ ಕುಡ್ ಬಿ ಗ್ಲೀನ್ಡ್ ಫ್ರಮ್ ಹಿಸ್ ಆನ್ಸರ್." ಅವನ ಉತ್ತರದಾಗಿಂದ ಹೇಳಿಕೊಳ್ಳೋವಂಥದ್ದು ಏನೂ ಸಿಗಲಿಲ್ಲ. ಇಲ್ಲಿ "ಲಿಟಲ್" ಭಾಳ ಚಂದ ಕೂಡ್ತೈತಿ, ಹೊಲ ಪೂರ್ತಿ ತಿರುಗಿದ್ರೂ ಉಡಿ ಖಾಲಿ ಅನ್ನೋ ಹಂಗ.

ಇನ್ನೊಂದು: "ಫ್ರಮ್ ವಾಟ್ ಐ ಕುಡ್ ಗ್ಲೀನ್, ದಿ ಮೀಟಿಂಗ್ ಡಿಡ್ ನಾಟ್ ಗೋ ವೆಲ್." ನನಗ ತಿಳದ ಮಟ್ಟಿಗೆ ಮೀಟಿಂಗ್ ನೆಟ್ಟಗ ಆಗಿಲ್ಲ. ನೀವು ಮೀಟಿಂಗಿನ್ಯಾಗ ಇರಲಿಲ್ಲ, ಯಾರೂ ನಿಮಗ ಕರದು ಹೇಳಿಲ್ಲ, ಅವರ ಮಾರಿ ಇವರ ಮಾತು ನೋಡಿ ಕೇಳಿ ಗೊತ್ತು ಮಾಡಿಕೊಂಡೀರಿ ಅಂತ ಈ ಒಂದು ತುಣುಕು ಹೇಳಿಬಿಡ್ತೈತಿ. ಆಫೀಸಿನ ಇಮೇಲ್‌ನ್ಯಾಗ ಇದು ಭಾಳ ಉಪಯೋಗಕ್ಕ ಬರ್ತೈತಿ, ಪೂರ್ತಿ ಜವಾಬ್ದಾರಿ ಹೊತ್ಕೊಳ್ಳದ ಮಾತು ಮುಗಿಸಬಹುದು, ಹೌದಿಲ್ಲೋ.

ಮತ್ತೊಂದು, "ದ್ಯಾಟ್" ಹಚ್ಚಿ: "ಐ ಗ್ಲೀನ್ಡ್ ದ್ಯಾಟ್ ಶಿ ವಾಸ್ ಲುಕಿಂಗ್ ಫಾರ್ ಅನದರ್ ಜಾಬ್." ಆಕಿ ಬ್ಯಾರೆ ನೌಕರಿ ಹುಡುಕಾಕತ್ತಾಳ ಅಂತ ಅಲ್ಲಿ ಇಲ್ಲಿ ಕೇಳಿ ಗೊತ್ತಾತು. ಇದು ಸರಿ, ಆದ್ರ ಮದಲಿನೆರಡಷ್ಟು ಕಾಣಸಾಂಗಿಲ್ಲ.

ಕೊನೀದು, ನಾಮಪದದ ಬೆನ್ನಿಗೆ: "ಇನ್ಫರ್ಮೇಶನ್ ಗ್ಲೀನ್ಡ್ ಫ್ರಮ್ ಫೋನ್ ರೆಕಾರ್ಡ್ಸ್." ಫೋನ್ ರೆಕಾರ್ಡಿನಿಂದ ಹೆಕ್ಕಿದ ಮಾಹಿತಿ. ಕ್ರೈಮ್ ವರದಿಯೊಳಗ ಈ ರೂಪ ಹಣಕತಿರ್ತೈತಿ.

ಹೆಜ್ಜೆ 5: ಗ್ಲೀನ್ ಬ್ಯಾರೆ, ಇನ್ಫರ್ ಬ್ಯಾರೆ (ಐಹೊಳೆಗೆ ಹೋಗೋಣು ನಡೀರಿ)

ಪರೀಕ್ಷೆ ಬರಿಯೋರು ಎಡವೋದು ಇಲ್ಲೇ, ಹಂಗಂತ ಇದನ್ನ ಸಾವಕಾಶ ಓದ್ರಿ. ಉದಾಹರಣೆಗೆ ದೂರ ಹೋಗೋದ ಬ್ಯಾಡ, ನಮ್ಮ ಜಿಲ್ಲೆದ ಸರಕು ಐತಿ.

ಐಹೊಳೆಯ ಗುಡ್ಡದ ಮ್ಯಾಲೆ ಮೇಗುತಿ ಗುಡಿ ಐತಲ್ಲ, ಅದರ ಗೋಡಿ ಮ್ಯಾಲೆ ರವಿಕೀರ್ತಿ ಅನ್ನೋ ಕವಿ ಬರೆಸಿದ ಸಂಸ್ಕೃತ ಶಾಸನ ಐತಿ, ಕಾಲ ಶಕ 556, ಅಂದ್ರ ಕ್ರಿ.ಶ. 634ರ ಸುಮಾರು. ರವಿಕೀರ್ತಿ ಅದನ್ನ ಬರೆಸಿದ್ದು ತಾ ಕಟ್ಟಿಸಿದ ಜಿನಾಲಯದ ಸಲುವಾಗಿ ಮತ್ತ ತನ್ನ ದೊರೆ ಇಮ್ಮಡಿ ಪುಲಕೇಶಿಯ ಹೊಗಳಿಕಿಗೆ. ಪುಲಕೇಶಿ ಹರ್ಷವರ್ಧನನ್ನ ಸೋಲಿಸಿದ್ದು ಅದರಾಗ ಎದ್ದು ಕಾಣೂ ಹಂಗ ಐತಿ. ಇದಕ್ಕ ಗ್ಲೀನ್ ಅನ್ನಬೇಕಾ? ನನ್ನ ಕೇಳಿದ್ರ ಬ್ಯಾಡ. ಶಾಸನದ ಉದ್ದೇಶನ ಅದು, ಅದು ದೊಡ್ಡ ಫಸಲು, ಕಣ್ಣಿಗೆ ರಾಚೋ ಹಂಗ ಇಟ್ಟಾರ. ಇದಕ್ಕ "ದಿ ಇನ್‌ಸ್ಕ್ರಿಪ್ಷನ್ ಸ್ಟೇಟ್ಸ್" ಅಂತ ಬರದ್ರ ಸಾಕು.

ಆದ್ರ ಶಾಸನದ ಕೊನಿಗೆ ರವಿಕೀರ್ತಿ ತನ್ನ ಬಗ್ಗೆ ಒಂದು ಮಾತು ಹೇಳಕೋತಾನ, ಕವಿತ್ವದಾಗ ತಾನು ಕಾಳಿದಾಸ, ಭಾರವಿ ಇವರ ಕೀರ್ತಿ ಪಡದಾಂವ ಅಂತ. ಅವನಿಗೆ ಕಾಳಿದಾಸನ ಕಾಲ ಹೇಳೋ ಇರಾದೆ ಇರಲೇ ಇಲ್ಲ, ತನ್ನ ಬೆನ್ನು ತಾ ಚಪ್ಪರಿಸಿಕೊಳ್ಳೋ ಭರದಾಗ ಎರಡು ಹೆಸರು ಉದರಿಸಿ ಹೋದ. ಆ ಉದರಿದ ಹೆಸರನ್ನ ಇತಿಹಾಸಕಾರರು ಬಗ್ಗಿ ಎತ್ತಿಕೊಂಡ್ರು. ಇದು ನೋಡ್ರಿ ಗ್ಲೀನ್: "ಸ್ಕಾಲರ್ಸ್ ಹ್ಯಾವ್ ಗ್ಲೀನ್ಡ್ ದಿ ನೇಮ್ಸ್ ಆಫ್ ಟೂ ಪೊಯೆಟ್ಸ್ ಫ್ರಮ್ ಇಟ್ಸ್ ಕ್ಲೋಸಿಂಗ್ ಲೈನ್ಸ್."

ಈಗ ಮುಂದಿನ ಮಾತು. ಎತ್ತಿಕೊಂಡ ಆ ಹೆಸರನ್ನ ಕೈಯಾಗ ಹಿಡಕೊಂಡು ಅವರು ವಿಚಾರ ಮಾಡಿದ್ರು: 634ರಾಗ ಕರ್ನಾಟಕದ ಒಂದು ಗುಡಿ ಗೋಡಿ ಮ್ಯಾಲೆ ಹೆಸರು ಬರಬೇಕಂದ್ರ ಕಾಳಿದಾಸ, ಭಾರವಿ ಇಬ್ಬರೂ ಆ ಹೊತ್ತಿಗಾಗಲೇ ಹೆಸರುವಾಸಿ ಆಗಿರಬೇಕು, ಅಂದ್ರ ಅದಕ್ಕಿಂತ ಈಚಿನವರು ಆಗಿರಾಕ ಸಾಧ್ಯ ಇಲ್ಲ. ಈ ತರ್ಕ ಐತಲ್ಲ, ಇದು ಇನ್ಫರ್. ಶಾಸನದಾಗ ಈ ಮಾತು ಇಲ್ಲ, ಓದಿದವರ ತಲಿಯೊಳಗ ಹುಟ್ಟಿದ್ದು.

ಅಂದ್ರ ಬಿದ್ದಿದ್ದನ್ನ ಎತ್ತೋದು ಗ್ಲೀನ್, ಎತ್ತಿದ್ದನ್ನ ಇಟ್ಕೊಂಡು ಲೆಕ್ಕ ಹಾಕೋದು ಇನ್ಫರ್. ಖರೇ ಹೇಳಬೇಕಂದ್ರ ಇಂಗ್ಲಿಷ್ ಪತ್ರಿಕೆಗಳೊಳಗ ಈ ಗೆರಿ ಅಷ್ಟು ಬಿಗಿ ಇರಾಂಗಿಲ್ಲ, ಎಷ್ಟೋ ಮಂದಿ ಇನ್ಫರ್ ಅನ್ನೋ ಕಡೆ ಗ್ಲೀನ್ ಹಾಕ್ತಾರ, ಡಿಕ್ಷನರಿನೂ ಅದಕ್ಕ ಒಪ್ಪತಾವು. ಆದ್ರ ಬರೆಯೋರು ನೀವಾದಾಗ ಗೆರಿ ಇಟ್ಕೊಂಡ್ರ ನಿಮ್ಮ ಇಂಗ್ಲಿಷ್ ಒಂದು ತೂಕ ಜಾಸ್ತಿ ತೂಗ್ತೈತಿ.

ಹೆಜ್ಜೆ 6: ಉಳಿದ ಅಣತಮ್ಮಂದಿರು

ಗ್ಯಾದರ್: ಎಲ್ಲಾದಕ್ಕೂ ನಡಿಯೋ ಪದ, ಮಂದಿ ಗ್ಯಾದರ್ ಆಗ್ತಾರ, ಮಾಹಿತಿನೂ ಗ್ಯಾದರ್ ಮಾಡಬಹುದು, ಕಷ್ಟಪಟ್ಟೀರೋ ಇಲ್ಲೋ ಅನ್ನೋದು ಅದರಾಗ ಬರಾಂಗಿಲ್ಲ. ಗ್ಲೀನ್ ನೆನಪಾಗದಿದ್ರ ಗ್ಯಾದರ್ ಹಾಕ್ರಿ, ಮಾರ್ಕ್ಸ್ ಹೋಗಾಂಗಿಲ್ಲ. ಕಲೆಕ್ಟ್: ಪಟ್ಟಿ, ಫೀ, ಸ್ಟಾಂಪು, ಅರ್ಜಿ. ಎಕ್ಸ್‌ಟ್ರಾಕ್ಟ್: ಜೋರು ಮಾಡಿ ಹೊರಗ ತಗಿಯೋದು, ಹಲ್ಲು ತಗದಾಂಗ. ಪಿಕ್ ಅಪ್: ಮಾತಾಡುವಾಗ ಗ್ಲೀನ್ ಬದಲಿ ಇದ ಚಲೋ, ಯಾಕಂದ್ರ ಬಾಯಿ ಮಾತಿನ್ಯಾಗ ಗ್ಲೀನ್ ಅಂದ್ರ ಸ್ವಲ್ಪ ಪುಸ್ತಕದ ವಾಸನಿ ಹೊಡೀತೈತಿ, ಚಾ ಕುಡಿಯೋ ಹೊತ್ತಿನ್ಯಾಗ ಯಾರೂ ಗ್ಲೀನ್ ಅನ್ನಾಂಗಿಲ್ಲ.

ಗಾರ್ನರ್ ಜೋಡಿ ಮಾತ್ರ ಹುಷಾರು. ಇದೂ ಕಾಳಿನ ಮನಿ ಪದನ, ಗಾರ್ನರ್ ಅಂದ್ರ ಮೂಲದಾಗ ಕಣಜ, ನಮ್ಮ ಕಡೀ ಹಗೇವು ಅಂತೀವಲ್ಲ ಆ ಜಾತಿ. ಹಿಂಗಾಗಿ ಅದು ದೊಡ್ಡ ಪ್ರಮಾಣದಾಗ ಕೂಡಿಬರೋದಕ್ಕ ಹೋಗ್ತೈತಿ: ವೋಟು, ಬೆಂಬಲ, ಮೆಚ್ಚುಗೆ, ಪ್ರಶಸ್ತಿ. "ದಿ ಕ್ಯಾಂಡಿಡೇಟ್ ಗಾರ್ನರ್ಡ್ ಸಪೋರ್ಟ್" ಸರಿ, "ಗ್ಲೀನ್ಡ್ ಸಪೋರ್ಟ್" ಅಂದ್ರ ಪಾಪ ಅಭ್ಯರ್ಥಿ ಓಣಿಯೊಳಗ ಬಿದ್ದ ವೋಟು ಆರಿಸಿಕೊಂಡು ಹೋದ ಅನ್ನೋ ಹಂಗ ಆಗ್ತೈತಿ. ಕೆಲವು ಚುನಾವಣೆಯೊಳಗ ಅದೂ ಖರೇನ ಇರಬಹುದು, ಆ ಮಾತು ಬಿಡ್ರಿ.

ಹೆಜ್ಜೆ 7: ಎಲ್ಲಿ ಬ್ಯಾಡ

ಯಾರೋ ನಿಮಗ ನೇರ ಹೇಳಿದ್ರ, ಅದು ಗ್ಲೀನ್ ಅಲ್ಲ. ಬಸ್‌ಸ್ಟ್ಯಾಂಡಿನ ವಿಚಾರಣಾ ಕಿಟಕಿಯೊಳಗ ಕೇಳಿ ಬದಾಮಿ ಬಸ್ಸಿನ ಟೈಮ್ ತಿಳಕೊಂಡ್ರ "ಐ ಗ್ಲೀನ್ಡ್ ದಿ ಟೈಮಿಂಗ್" ಅನ್ನಬಾರದು, "ಫೌಂಡ್ ಔಟ್" ಅನ್ರಿ. ಅದ ಕಿಟಕಿಯೊಳಗ ಯಾರೂ ಇಲ್ಲ, ಬೋರ್ಡ್ ಅಳಿಸಿ ಹೋಗೈತಿ, ಒಬ್ಬ ಕಂಡಕ್ಟರ್ "ಆಗಲೇ ಒಂದು ಹೋತು" ಅಂದ, ಶೇಂಗಾ ಮಾರೋ ಅಜ್ಜ "ಮುಂದಿನದು ನಾಲ್ಕರ ಮ್ಯಾಲೆ" ಅಂದ, ಕಾಲೇಜು ಹುಡುಗಿ "ಅದು ಗುಳೇದಗುಡ್ಡದ ಮ್ಯಾಲೆ ಹೋಗ್ತೈತಿ" ಅಂದ್ಲು, ಇಷ್ಟೂ ಕೂಡಿಸಿ ನೀವು ಒಂದು ಅಂದಾಜಿಗೆ ಬಂದ್ರಿ ಅಂದ್ರ ಆಗ ಗ್ಲೀನ್ ಲಾಯಕ್ಕು.

ಪೂರ್ತಿ ವಿಷಯ ಒಮ್ಮೆಲೆ ಸಿಕ್ರೂ ಅಲ್ಲ. ಇಡೀ ಪುಸ್ತಕ ಓದಿ ಮುಗಿಸಿ "ಐ ಗ್ಲೀನ್ಡ್ ದಿ ಹೋಲ್ ಸ್ಟೋರಿ" ಅಂದ್ರ ಸರಿ ಅನಸಾಂಗಿಲ್ಲ, ಗ್ಲೀನ್ ಜೊತಿಗೆ "ಹೋಲ್, ಎವ್ರಿಥಿಂಗ್, ಕಂಪ್ಲೀಟ್" ಇಂಥಾವು ಅಷ್ಟು ಹೊಂದಾಂಗಿಲ್ಲ. "ಎ ಫ್ಯೂ, ಸಮ್, ಲಿಟಲ್, ವಾಟ್ ಐ ಕುಡ್" ಇವು ಹೊಂದತಾವು.

ಯಂತ್ರದ ಕೆಲಸಕ್ಕ ಹಾಕಬಹುದಾ ಅಂತ ಕೆಲವರು ಕೇಳ್ತಾರ. ಹಾಕ್ತಾರ, "ಡೇಟಾ ಗ್ಲೀನ್ಡ್ ಫ್ರಮ್ ಸ್ಯಾಟಲೈಟ್ಸ್" ಅಂತ ವಿಜ್ಞಾನದ ವರದಿಯೊಳಗ ಬರ್ತೈತಿ, ತಪ್ಪಲ್ಲ.

ಹೆಜ್ಜೆ 8: ಪರೀಕ್ಷೆ ಪ್ರಶ್ನೆ ಬಂದ್ರ

"ವಾಟ್ ಕ್ಯಾನ್ ಬಿ ಗ್ಲೀನ್ಡ್ ಫ್ರಮ್ ದಿ ಪ್ಯಾಸೇಜ್" ಅಂದ್ರ ಪ್ಯಾಸೇಜ್‌ನ ಮುಖ್ಯ ವಿಷಯ ಏನು ಅಂತ ಅಲ್ಲ. ಪ್ಯಾಸೇಜ್ ಒಳಗ ಬಿದ್ದ ಚೂರುಗಳನ್ನ ಕೂಡಿಸಿದ್ರ ಏನು ಕೈಗೆ ಹತ್ತತೈತಿ ಅಂತ. ಪರೀಕ್ಷೆಯೊಳಗ ಇದನ್ನ ಇನ್ಫರ್ ಅನ್ನೋದಕ್ಕ ಸಮ ಇಟ್ಟ ಪ್ರಶ್ನೆ ತಗೀತಾರ, ಹೆಜ್ಜೆ 5ರ ಗೆರಿ ಇಲ್ಲಿ ಮರೀರಿ. ಒಂದು ಸಣ್ಣ ಪ್ಯಾಸೇಜ್ ನಾನ ಬರದು ತೋರಸ್ತೀನಿ, ತಿಳೀಲಿ ಅಂತ ಕನ್ನಡದಾಗ:

"ಇಳಕಲ್ ಸೀರೆಗೆ ಒಡಲಿನ ಹಾಸನ್ನು (ಮಗ್ಗದ ಉದ್ದೆಳೆಗಳನ್ನು) ಬೇರೆ, ಸೆರಗಿನ ಹಾಸನ್ನು ಬೇರೆ ತಯಾರಿಸುತ್ತಾರೆ. ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಆಮೇಲೆ ಎರಡರ ಎಳೆಗಳನ್ನು ಒಂದರೊಳಗೊಂದು ಕೊಂಡಿ ಹಾಕಿ ಜೋಡಿಸುತ್ತಾರೆ. ಪ್ರತಿ ಸೀರೆಗೂ ಹಾಸು ಹೊಸದಾಗಿ ಸಿದ್ಧವಾಗಬೇಕು."

ಆಯ್ಕೆ ಹಿಂಗ ಅದಾವು ಅಂತ ಇಟ್ಕೊಳ್ಳಿ. ಅ: ಇಳಕಲ್ ಸೀರಿ ಉಳಿದ ಸೀರಿಗಿಂತ ತುಟ್ಟಿ. ಆ: ಸೆರಗು ರೇಷ್ಮಿದು. ಇ: ನೇಯಾಕ ಕುಂದ್ರೋಕಿಂತ ಮದಲನ ಪ್ರತಿ ಸೀರಿಗೆ ಸಾಕಷ್ಟು ತಯಾರಿ ಕೆಲಸ ಇರ್ತೈತಿ. ಈ: ಈ ಜೋಡಣಿ ಬ್ಯಾರೆ ಯಾವ ಊರಾಗೂ ಇಲ್ಲ.

"ಅ" ಮತ್ತ "ಈ" ಎರಡೂ ಹೊರಗಿನ ಮಾತು, ಬೆಲಿ ಬಗ್ಗೆ ಬ್ಯಾರೆ ಊರಿನ ಬಗ್ಗೆ ಪ್ಯಾಸೇಜ್ ಬಾಯಿ ಬಿಟ್ಟಿಲ್ಲ. ನಮಗ ಇಳಕಲ್ ಗೊತ್ತೈತಿ ಅಂತ ಮನಿಯಿಂದ ಕಾಳು ತಂದು ಉಡಿಯೊಳಗ ಹಾಕ್ಕೋಬಾರದು, ಹೆಚ್ಚಿನ ಮಂದಿ ಮಾರ್ಕ್ಸ್ ಕಳಕೊಳ್ಳೋದು ಹಿಂಗ. ಆ ಅನ್ನೋದು ಖರೇ ಐತಿ, ಆದ್ರ ಅದು ಪ್ಯಾಸೇಜ್‌ನ್ಯಾಗ ಅಕ್ಷರಶಃ ಬರದೈತಿ, "ಸ್ಟೇಟೆಡ್" ಅಂತ ಕೇಳಿದ್ರ ಅದ ಉತ್ತರ ಆಗ್ತಿತ್ತು. ಇ ಅನ್ನೋದು ಎಲ್ಲೂ ಒಂದ ಸಾಲಿನ್ಯಾಗ ಇಲ್ಲ, ಎರಡು ಹಾಸು, ಕೊಂಡಿ, ಪ್ರತಿ ಸೀರಿಗೂ ಹೊಸದು, ಈ ಮೂರು ಕಡಿಂದ ಆರಿಸಿಕೊಂಡ್ರ ಸಿಗ್ತೈತಿ. ಉತ್ತರ ಇ.

ಹೆಜ್ಜೆ 9: ಕೈ ಕೂಡಿಸಿಕೊಳ್ಳೋದು

ಗೂಗಲ್ ನ್ಯೂಸ್‌ನ್ಯಾಗ "ಗ್ಲೀನ್ಡ್ ಫ್ರಮ್" ಅಂತ ಇಂಗ್ಲಿಷ್ ಅಕ್ಷರದಾಗ, ಎರಡೂ ಪದ ಕೂಡಿಸಿ ಉದ್ಧರಣ ಚಿಹ್ನೆಯೊಳಗ ಹಾಕಿ ಹುಡುಕ್ರಿ. ಬಂದ ವಾಕ್ಯ ಒಂದಿಷ್ಟು ನೋಟ್‌ಬುಕ್ಕಿಗೆ ಇಳಿಸಿ, ನಡುವ ಗೆರಿ ಹೊಡದು ಎಡಕ್ಕ "ಏನು", ಬಲಕ್ಕ "ಎಲ್ಲಿಂದ" ಅಂತ ಬರೀರಿ. ಒಂದು ಪುಟ ತುಂಬೋದ್ರಾಗ ಎಡಗಡೆ ಯಾವಾಗ್ಲೂ ಒಂದ ಜಾತಿ ಪದ ಬರ್ತಾವು ಅಂತ ನಿಮಗ ಕಾಣಾಕ ಹತ್ತತೈತಿ, ಆಗ ಯಾರೂ ರೂಲ್ ಹೇಳಿಕೊಡೋದು ಬೇಕಾಗಾಂಗಿಲ್ಲ. ಡಿಕ್ಷನರಿ ಆ್ಯಪ್‌ನ್ಯಾಗ ನೋಡೂ ಹಂಗಿದ್ರ ಅರ್ಥದ ಕೆಳಗಿರೋ ಉದಾಹರಣೆ ವಾಕ್ಯ ಓದ್ರಿ, ಕನ್ನಡ ಅರ್ಥ ಒಂದ ಓದಿ ಮುಚ್ಚಬ್ಯಾಡ್ರಿ.

ಆಮ್ಯಾಲೆ ಈ ಕೆಳಗಿನ ನಾಲ್ಕು ಮಾತು ಇಂಗ್ಲಿಷಿಗೆ ತರ್ರಿ. ಮದಲ ಹಕ್ಕಲ ಹೌದೋ ಅಲ್ಲೋ ಅಂತ ನೋಡ್ರಿ, ಆಮ್ಯಾಲೆ ಬರೀರಿ.

"ಆಲಮಟ್ಟಿ ಹಿನ್ನೀರಿನ್ಯಾಗ ಹೋದ ಹಳೇ ಬಾಗಲಕೋಟಿ ಓಣಿಗಳು ಎಲ್ಲೆಲ್ಲಿದ್ದೂ ಅಂತ ಹಿರಿಯರ ಮಾತಿನ್ಯಾಗಿಂದ ಒಂದಿಷ್ಟು ತಿಳಕೊಂಡ್ವಿ." ಹಕ್ಕಲ ಹೌದು, ಅದೂ ಅಪ್ಪಟ. ನವನಗರದಾಗ, ಅಂದ್ರ ಹೊಸ ಬಾಗಲಕೋಟಿಯೊಳಗ, ಕುಂತ ಒಬ್ಬ ಅಜ್ಜನ ಕೇಳಿದ್ರ ಅಂವ ನಕಾಶೆ ಬರದು ಕೊಡಾಂಗಿಲ್ಲ, ತನ್ನ ಲಗ್ನದ ಮೆರವಣಿಗಿ ಕಥಿ ಹೇಳ್ತಾನ, ಅದರಾಗ ಯಾವ ತಿರುವು, ಯಾವ ಗುಡಿ, ಯಾರ ಅಂಗಡಿ ಅಂತ ನಡುನಡುವ ಬಂದು ಹೋಗ್ತೈತಿ, ಅದನ್ನ ನೀವು ಹೆಕ್ಕಬೇಕು. "ವಿ ಗ್ಲೀನ್ಡ್ ಸಮ್ ಐಡಿಯಾ ಆಫ್ ದಿ ಡ್ರೌನ್ಡ್ ಸ್ಟ್ರೀಟ್ಸ್ ಫ್ರಮ್ ದಿ ಮೆಮೊರೀಸ್ ಆಫ್ ಓಲ್ಡರ್ ರೆಸಿಡೆಂಟ್ಸ್."

"ಗುಳೇದಗುಡ್ಡದ ಮಗ್ಗದವರ ಜೋಡಿ ಕುಂತು ಮಾತಾಡಿ ಖಣದ ಬಗ್ಗೆ ಅಷ್ಟಿಷ್ಟು ಗೊತ್ತು ಮಾಡಿಕೊಂಡೆ." ಇದೂ ಹೌದು. "ಐ ಗ್ಲೀನ್ಡ್ ಎ ಲಿಟಲ್ ಅಬೌಟ್ ಖಣ ಫ್ರಮ್ ಕಾನ್ವರ್ಸೇಶನ್ಸ್ ವಿತ್ ವೀವರ್ಸ್ ಇನ್ ಗುಳೇದಗುಡ್ಡ."

"ಸರ್ ಬೋರ್ಡಿನ ಮ್ಯಾಲೆ ಬರದ ಉತ್ತರ ಇಳಿಸಿಕೊಂಡೆ." ಅಲ್ಲ. ಅದು "ಕಾಪೀಡ್ ಡೌನ್". ಸರ್ ರಾಶಿ ಮಾಡಿ ಚೀಲ ಕಟ್ಟಿ ಕೊಟ್ಟಾರ, ಹಕ್ಕಲ ಎಲ್ಲಿಂದ ಬಂತು.

"ಶೇಂಗಾ ಹೊಲದಾಗ ಅಕ್ಕ ಹಕ್ಕಲ ಆರಿಸಿದ್ಲು." ಇದನ್ನ ಕೊಟ್ರ ಹುಡುಗ್ರು ಹೆದರಿ "ಪಿಕ್ಡ್ ಅಪ್ ರಿಮೈನಿಂಗ್ ಗ್ರೌಂಡ್‌ನಟ್ಸ್ ಆಫ್ಟರ್ ಹಾರ್ವೆಸ್ಟ್" ಅಂತ ಇಷ್ಟುದ್ದ ಬರೀತಾರ, ಇಂಗ್ಲಿಷಿನ್ಯಾಗ ಇದಕ್ಕ ಒಂದ ಪದ ಐತಿ ಅಂತ ನಂಬಾಂಗಿಲ್ಲ. "ಮೈ ಸಿಸ್ಟರ್ ಗ್ಲೀನ್ಡ್ ಗ್ರೌಂಡ್‌ನಟ್ಸ್ ಫ್ರಮ್ ದಿ ಫೀಲ್ಡ್." ಮುಗೀತು. ಹಕ್ಕಲ ಆರಿಸೋಳು ಗ್ಲೀನರ್, ಆರಿಸಿ ತಂದಿದ್ದು ಗ್ಲೀನಿಂಗ್ಸ್, ಈ ಎರಡನೇದಕ್ಕ ಕೊನಿಗೆ ಎಸ್ ಬೇಕ ಬೇಕು. ಜಮೈಕಾ ದೇಶದಾಗ 1834ರಿಂದ ನಡಕೊಂಡು ಬಂದ ಒಂದು ದಿನಪತ್ರಿಕೆ ಹೆಸರನ "ದಿ ಗ್ಲೀನರ್", ಸುದ್ದಿ ಆರಿಸೋಂವ ಅಂತ. ಹಂಗಾಗಿ ಎಲ್ಲರೆ ಜಿ ದೊಡ್ಡಕ್ಷರದಾಗ ಇದ್ದು ಹಿಂದ ಕಿಂಗ್ಸ್ಟನ್ (ಜಮೈಕಾದ ರಾಜಧಾನಿ) ಅಂತ ಕಂಡ್ರ ಅಲ್ಲಿ ಹೊಲ ಹುಡುಕಾಕ ಹೋಗಬ್ಯಾಡ್ರಿ, ಅದು ಪೇಪರ್ ಹೆಸರು.